ಪರೀಕ್ಷೆಯ ಹಿಂದಿನ ದಿನದ ಮುಯ್ಯಿ

ನಮ್ಮ ಮನೆಯಲ್ಲಿ ಸರಿಯಾದ ಕಿಟಕಿ ಇದ್ದ ಕೋಣೆ ಒಂದೇ ಒಂದು. ನಾನು ಹತ್ತನೇ ಕ್ಲಾಸಿಗೆ ಕಾಲಿಟ್ಟ ವಾರವೇ ಅಪ್ಪ ಆ ಕೋಣೆಯಿಂದ ಅಜ್ಜಿಯ ಮಂಚವನ್ನು ಎತ್ತಿಸಿ ನಡುಮನೆಗೆ ಹಾಕಿಸಿಬಿಟ್ಟ. ಅಜ್ಜಿ ಎಂದರೆ ಅಪ್ಪನ ತಾಯಿ. ಬಾಯಿ ಜೋರು, ಮನಸ್ಸು ಅಷ್ಟೇನೂ ಕೆಟ್ಟದ್ದಲ್ಲ. ಮಂಚ ಹೊರಗೆ ಬಂದ ದಿನ ಅವಳು ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿಬರುವವರಿಗೆಲ್ಲ ಕೇಳುವಂತೆ ಹೇಳಿದಳು:

"ನನ್ ಗಂಡ ಕಟ್ಸಿದ್ ಮನೇಲಿ ನಂಗೇ ಕಿಟ್ಕಿ ಇಲ್ದಂಗಾಯ್ತು ಕಣಪ್ಪ. ಆಗ್ಲಿ ಬುಡು, ಇವ್ಳು ಕಲೆಕ್ಟ್ರಾದ್ಮೇಲೆ ನಂಗೊಂದು ಕಿಟ್ಕಿ ಮಾಡುಸ್ಕೊಡ್ತಾಳೆ."

ಕೋಣೆಯ ತಲೆಯ ಮೇಲೇ ಕಾಯಿ ಅಟ್ಟ. ನಮ್ಮ ಕಡೆ ಕೊಬ್ಬರಿ ಮಾಡುವವರು ಕಾಯಿ ಕಿತ್ತ ಕೂಡಲೇ ಒಡೆಯುವುದಿಲ್ಲ. ಮೇಲಿನ ನಾರಿನ ಮಟ್ಟೆಯ ಸಮೇತ ಅಟ್ಟಕ್ಕೆ ತುಂಬಿ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು, ಇಡಿಯಾದ ಉಂಡೆ ಕೊಬ್ಬರಿಯಾಗುತ್ತದೆ. ನಾನು ಓದುತ್ತ ಕುಳಿತಾಗ ಮೇಲೆ ಇಲಿಗಳು ಓಡುತ್ತಿದ್ದವು, ಕಾಯಿ ಕಾಯಿಗೆ ತಾಗಿ ಸದ್ದಾಗುತ್ತಿತ್ತು, ಮಟ್ಟೆಯ ಧೂಳು ಪುಸ್ತಕದ ಮೇಲೆ ಉದುರುತ್ತಿತ್ತು. ಆ ಧೂಳಿನ ವಾಸನೆ ಎಲ್ಲಿ ಬಂದರೂ ಈಗಲೂ ನನಗೆ ಬೀಜಗಣಿತ ನೆನಪಾಗುತ್ತದೆ.

ಅಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದವನು. ಮತ್ತೆ ಕಟ್ಟಿದ, ಮತ್ತೆ ಡುಮ್ಕಿ. ಆಮೇಲೆ ತೋಟಕ್ಕೆ ಇಳಿದ, ಒಳ್ಳೆಯ ತೋಟಗಾರನೂ ಆದ. ಆದರೂ ಎದೆಯಲ್ಲಿ ಆ ಲೆಕ್ಕದ ಪೇಪರು ಹಾಗೇ ಕೂತಿತ್ತು. ನೊಣವಿನಕೆರೆಯಿಂದ ತುರುವೇಕೆರೆ ಕಡೆಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಇಂಗ್ಲಿಷ್ ಪೇಪರ್ ಬಿಡಿಸಿಕೊಂಡು ಕೂತಿದ್ದರೆ ಅಪ್ಪ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದ. ಮಗಳಾದರೂ ಲೆಕ್ಕದಲ್ಲಿ ಮುಂದೆ ಬರಬೇಕು ಎಂಬುದು ಅವನಿಗೆ ಹಸಿವಿನಂತೆ ಹತ್ತಿಕೊಂಡಿತ್ತು. ನಾನು ಪೊರಕೆ ಮುಟ್ಟಬಾರದು, ಕೊಡ ಎತ್ತಬಾರದು, ಸಗಣಿ ಬಾಚಬಾರದು. ರೇಡಿಯೋಗೆ ಬಟ್ಟೆ ಸುತ್ತಿ ಅಲಮಾರಿನ ಮೇಲೆ ಇಟ್ಟಾಯಿತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರಿಂದ ತೋಟದ ಕಾಲುವೆಯ ಅಂಚಿನಲ್ಲಿ ಬೆಳೆದ ಒಂದೆಲಗವನ್ನೆಲ್ಲ ಕಿತ್ತು ತಂದು ದಿನಾ ಚಟ್ನಿ ಮಾಡಿಸುತ್ತಿದ್ದ. ಮುದ್ದೆಗೂ ಅದೇ, ರೊಟ್ಟಿಗೂ ಅದೇ, ಅನ್ನಕ್ಕೂ ಅದೇ. ಎದುರಿಗೆ ಅಜ್ಜಿ ಅವರೆಕಾಳು ಸಾರನ್ನು ಸೊರಸೊರ ಸವಿಯುತ್ತಿದ್ದರೆ ನಾನು ಹಸಿರು ಮುದ್ದೆ ನುಂಗುತ್ತಿದ್ದೆ. ಸೋಮವಾರದ ಪೂಜೆಯಲ್ಲಿ ನನ್ನ ಲೆಕ್ಕದ ಪುಸ್ತಕ ದೇವರ ಗೂಡಿಗೆ ಹೋಗಿ ವಿಭೂತಿ ಹಚ್ಚಿಸಿಕೊಂಡು ಬರುತ್ತಿತ್ತು. ಪಾಪ, ಆ ಪುಸ್ತಕದ ಮೇಲಿದ್ದಷ್ಟು ವಿಭೂತಿ ನಮ್ಮೂರ ಅಯ್ಯನವರ ಹಣೆಯ ಮೇಲೂ ಇರಲಿಲ್ಲ.

ಇಷ್ಟೆಲ್ಲ ಆರ್ಭಟಕ್ಕೆ ಇನ್ನೊಂದು ಕಾರಣವಿತ್ತು. ಚಿಕ್ಕನಾಯಕನಹಳ್ಳಿಯಲ್ಲಿ ಅಜ್ಜಿಯ ತಮ್ಮನಿಗೊಬ್ಬ ಮೊಮ್ಮಗ. ಅಂಗಡಿ ಇದೆ, ತೋಟ ಇದೆ, ಹುಡುಗ ಕುಡಿಯುವುದಿಲ್ಲ. ಅಜ್ಜಿಯ ಕಣ್ಣು ಅವನ ಮೇಲಿತ್ತು. ಓದಿಸುತ್ತೇನೆ ಎಂದು ಅಪ್ಪ, ಮದುವೆ ಮಾಡು ಎಂದು ಅಜ್ಜಿ, ನನ್ನ ಹತ್ತನೇ ಕ್ಲಾಸು ಶುರುವಾಗುವ ಮೊದಲು ಬಂದ ಯುಗಾದಿಯ ಊಟದ ಎಲೆಯ ಮುಂದೆ ಇಬ್ಬರಿಗೂ ದೊಡ್ಡ ಜಟಾಪಟಿಯೇ ಆಯಿತು. ಒಬ್ಬಟ್ಟು ಆರಿಹೋಯಿತು. ಕೊನೆಗೆ ಅಪ್ಪ ದೇವರ ಗೂಡಿನ ಕಡೆ ಕೈ ತೋರಿಸಿ ಮಾತು ಕೊಟ್ಟ.

"ಫಸ್ಟ್ ಕ್ಲಾಸ್ ಬಂದ್ರೆ ತುಮಕೂರಲ್ಲಿ ಹಾಸ್ಟೆಲ್‌ಗೆ ಹಾಕಿ ಕಾಲೇಜು ಓದುಸ್ತೀನಿ. ಬರ್ನಿಲ್ಲಾ ಅಂದ್ರೆ ನೀನ್ ಹೇಳ್ದಂಗೆ ಕೇಳ್ತೀನಿ ಕಣವ್ವ. ಆಯ್ತಾ?"

"ಶಿವನ ಮುಂದೆ ಹೇಳಿದೀಯ. ಆಮೇಲೆ ತಿರುಗ್ಬ್ಯಾಡ," ಎಂದು ಅಜ್ಜಿ ಆರಿದ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡಳು.

ಹೀಗೆ ನನ್ನ ಇಡೀ ಬಾಳು ಫಸ್ಟ್ ಕ್ಲಾಸು ಎಂಬ ಒಂದು ಗೆರೆಯ ಮೇಲೆ ಬಂದು ನಿಂತಿತು. ಅವ್ವ ಮಾತ್ರ ಒಂದಕ್ಕೂ ಬಾಯಿ ಹಾಕಲಿಲ್ಲ. ಅವಳು ಜಾಸ್ತಿ ಮಾತಿನವಳಲ್ಲ. ಅಪ್ಪನ ಮಾತಿಗೆ ಎದುರಾಡಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಸ್ಕೂಲಿನಿಂದ ಬಂದ ಕೂಡಲೇ ಅಪ್ಪ "ಏನ್ ಹೇಳ್ಕೊಟ್ರು? ಎಷ್ಟು ಲೆಕ್ಕ ಮಾಡ್ದೆ?" ಎಂದು ಕೇಳುತ್ತಿದ್ದ. ಅವ್ವ ಕಾಫಿ ಲೋಟ ಕೊಡುವಾಗ ಕೇಳುತ್ತಿದ್ದುದೇ ಬೇರೆ: "ಇವತ್ತು ಯಾರ್ ಜತೆ ಊಟ ಮಾಡ್ದೆ?" ಎಂಥ ಪೆದ್ದು ಪ್ರಶ್ನೆ ಎಂದು ನನಗೆ ನಗು ಬರುತ್ತಿತ್ತು. ಸ್ಕೂಲಿಗೆ ಕಳಿಸಿರುವುದು ಊಟ ಮಾಡಲಿಕ್ಕಾ?

ಉತ್ತರವಂತೂ ದಿನಾ ಒಂದೇ: ಮಂಜುಳನ ಜೊತೆ. ಮಂಜುಳ ನಮ್ಮ ಪಕ್ಕದ ಮನೆಯ ಗಂಗತ್ತೆಯ ಮಗಳು. ಗಂಡ ತೀರಿಹೋದ ಮೇಲೆ ಗಂಗತ್ತೆ ಒಬ್ಬಳೇ ಒಂದು ತುಂಡು ತೋಟ ನೋಡಿಕೊಂಡು ಮಗಳನ್ನು ಓದಿಸುತ್ತಿದ್ದಳು. ಕ್ಲಾಸಿನಲ್ಲಿ ಲೆಕ್ಕಕ್ಕೆ ಒಂದು ಸಲ ಮಂಜುಳ ಮೊದಲು ಬಂದರೆ ಇನ್ನೊಂದು ಸಲ ನಾನು. ನಾನು ಬಾಯಿಪಾಠ ಮಾಡಿ ಗೆಲ್ಲುತ್ತಿದ್ದೆ, ಅವಳಿಗೆ ಲೆಕ್ಕ ಸುಮ್ಮನೆ ಹೊಳೆಯುತ್ತಿತ್ತು. ಅಪ್ಪನಿಗೆ ಆ ಹುಡುಗಿಯನ್ನು ಕಂಡರೆ ಒಂಥರಾ ಭಯವೇ ಇತ್ತು ಎಂದು ಈಗ ಅನಿಸುತ್ತದೆ.

ಆ ಮಳೆಗಾಲ ಕಳೆದ ಮೇಲೆ ನಮ್ಮ ಮನೆಯ ಕೊಬ್ಬರಿ ಒಡೆಯುವ ಕೆಲಸ ಬಂತು. ಆಗೆಲ್ಲ ಆ ಕೆಲಸ ನಡೆಯುತ್ತಿದ್ದುದು ಮುಯ್ಯಿಯಲ್ಲಿ. ಇವತ್ತು ನಿಮ್ಮ ಮನೆಯವರು ನಮ್ಮ ಮನೆಗೆ ಬಂದು ದುಡಿದರೆ, ನಾಳೆ ನಿಮ್ಮ ಕೆಲಸಕ್ಕೆ ನಾವು ಬರಬೇಕು. ಕೈಗೆ ಕೈ. ಕೂಲಿ ಕೊಟ್ಟು ತೀರಿಸುವಂತಿಲ್ಲ, ಆಳು ಕಳಿಸಿ ತೀರಿಸುವಂತಿಲ್ಲ, ಹಾಗೆ ಮಾಡಿದರೆ ಮುಖಕ್ಕೆ ಹೊಡೆದ ಹಾಗೆ. ಕೆಲಸ ಇರುವವರು ಎಲೆ ಅಡಿಕೆ ಹಿಡಿದು ಬಂದು ಕರೆಯಬೇಕು, ಕರೆಸಿಕೊಂಡವರು ಹೋಗಬೇಕು. ಗಂಡಸರು ಮಟ್ಟೆ ಸುಲಿದು ಹಾಕುತ್ತಾರೆ, ಹೆಂಗಸರು ಸುತ್ತ ಕೂತು ಮಚ್ಚಿನ ಬೆನ್ನಿನಿಂದ ಚಿಪ್ಪನ್ನು ತಟ್ಟಿ ತಟ್ಟಿ ಬಿಡಿಸಿ, ಕೊಬ್ಬರಿಯನ್ನು ಇಡಿಯಾಗಿ ಹೊರಗೆ ತೆಗೆಯುತ್ತಾರೆ. ಗಂಗತ್ತೆ ಬಂದಳು, ಜೊತೆಗೆ ಮಂಜುಳನೂ ಬಂದಳು. ಮರುದಿನ ಅರ್ಧ ವರ್ಷದ ಲೆಕ್ಕದ ಪರೀಕ್ಷೆ. ನಾನು ಕಿಟಕಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತಿದ್ದೆ, ಕಿಟಕಿಯ ಆಚೆ ಅಂಗಳದಲ್ಲಿ ಮಂಜುಳ ಕತ್ತಲಾಗುವವರೆಗೂ ನಮ್ಮ ಕೊಬ್ಬರಿ ಒಡೆಯುತ್ತಿದ್ದಳು. ಸದ್ದು ಜೋರಾಗುತ್ತಿದೆ ಎಂದು ಅಪ್ಪ ಕಿಟಕಿಯ ಬಾಗಿಲನ್ನೂ ಮುಚ್ಚಿಹೋದ. ಆ ಸಲ ಲೆಕ್ಕದಲ್ಲಿ ನಾನು ಮೊದಲು ಬಂದೆ, ಮಂಜುಳ ಎಲ್ಲೋ ಕೆಳಗೆ ಹೋದಳು. ಅಪ್ಪ ಕುಣಿಯುವುದೊಂದು ಬಾಕಿ. ಬೀದಿಗೆಲ್ಲ ಸಕ್ಕರೆ ಹಂಚಿದ, ಗಂಗತ್ತೆಯ ಮನೆಗೂ ಕೊಟ್ಟ. ಅವ್ವನ ಕೈಗೆ ಸಕ್ಕರೆ ಹಾಕಿದಾಗ ಅವಳು "ಆಮೇಲೆ ತಿಂತೀನಿ ಬುಡಿ" ಎಂದು ಒಲೆಯ ಕಟ್ಟೆಯ ಮೇಲೆ ಇಟ್ಟಳು. ಇರುವೆ ತಿಂದವು.

ಪಬ್ಲಿಕ್ ಪರೀಕ್ಷೆ ಶುರುವಾಯಿತು. ಕನ್ನಡ, ಇಂಗ್ಲಿಷ್ ಮುಗಿದು ಸೋಮವಾರ ಲೆಕ್ಕ ಇತ್ತು. ಶನಿವಾರ ಸಂಜೆ ಯಾರೂ ನೆನೆಸದ ಹೊತ್ತಿನಲ್ಲಿ ಗಾಳಿ ಎದ್ದು ಧೋ ಎಂದು ಅಕಾಲದ ಮಳೆ ಸುರಿಯಿತು. ಕೋತಿಗಳು ಗಂಗತ್ತೆಯ ಮನೆಯ ಹೆಂಚನ್ನು ಸರಿಸಿಹಾಕಿದ್ದವು. ನೀರೆಲ್ಲ ನೇರವಾಗಿ ಅವಳ ಅಟ್ಟಕ್ಕೆ ಇಳಿದಿತ್ತು. ಮಟ್ಟೆ ನೆಂದರೆ ಒಳಗಿನ ಕೊಬ್ಬರಿಗೆ ಬೂಷ್ಟು ಹಿಡಿಯಲು ಹೊತ್ತು ಬೇಕಿಲ್ಲ, ತಕ್ಷಣ ಒಡೆದು ಬಿಸಿಲಿಗೆ ಹಾಕಬೇಕು. ಭಾನುವಾರ ಮೊದಲ ಬಸ್ಸಿಗೇ ಮಾಯಸಂದ್ರದಿಂದ ಗಂಗತ್ತೆಯ ತಮ್ಮ ಬಂದು ಸುಲಿಯಲು ನಿಂತ. ಊರಿನಲ್ಲಿ ಅರ್ಧ ಜನ ಸಂಪಿಗೆ ಊರಿನಲ್ಲಿ ಮದುವೆಯೆಂದು ಹೋಗಿದ್ದರು. ಗಂಗತ್ತೆಗೆ ಮುಯ್ಯಿ ಬಾಕಿ ಇದ್ದದ್ದು ನಮ್ಮ ಮನೆಯಿಂದ. ಆದರೆ ಅವಳು ಎಲೆ ಅಡಿಕೆ ಹಿಡಿದು ನಮ್ಮ ಬಾಗಿಲಿಗೆ ಬರಲಿಲ್ಲ.

ಅಪ್ಪ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ನಾನು ಕೋಣೆಯ ಬಾಗಿಲಲ್ಲೇ ಚಾಪೆ ಹಾಕಿಕೊಂಡು ಕೂತಿದ್ದೆ. ಅವ್ವ ಒಲೆಯ ಮುಂದಿನಿಂದ ಎದ್ದುಬಂದು ಹಿತ್ತಿಲ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ಕಿವಿಗೊಟ್ಟಳು. ಪಕ್ಕದಿಂದ ಚಿಪ್ಪು ತಟ್ಟುವ ಸದ್ದು ಬರುತ್ತಿತ್ತು.

"ಎರಡೇ ಕೈ ಕಣ್ರೀ," ಎಂದಳು ಅವ್ವ.

"ಏನ್ ಎರಡು ಕೈ?"

"ಗಂಗಕ್ಕನ ಮನೇಲಿ ಒಡೀತಿರೋದು. ಅವಳ್ದೊಂದು, ಮಂಜುಳಂದೊಂದು. ಬೇರೆ ಯಾರೂ ಬಂದಿಲ್ಲ."

"ಹೋಗು ಮತ್ತೆ. ನಮ್ಮವ್ವನ್ನೂ ಕರ್ಕೊಂಡೋಗು. ಮುಯ್ಯಿ ತೀರಿಸ್ಬುಟ್ ಬನ್ನಿ."

"ಹೋಯ್ತೀನಿ. ಶೈಲನ್ನೂ ಕರ್ಕೊಂಡ್ ಹೋಯ್ತೀನಿ."

ಶೈಲ ಎಂದರೆ ನಾನು. ಅಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ನಿಂಗೇನ್ ತಲೆಗಿಲೆ ಕೆಟ್ಟಿದ್ಯೇನೇ? ನಾಳೆ ಲೆಕ್ಕದ್ ಪರೀಕ್ಷೆ ಅವ್ಳಿಗೆ!"

"ಮಂಜುಳಂಗೂ ನಾಳೆ ಲೆಕ್ಕದ್ ಪರೀಕ್ಷೇನೇ."

"ಅದುಕ್ಕೆ ನಾವೇನ್ ಮಾಡಣ? ನೀನ್ ಹೋಗು, ನಾನೂ ಬೇಕಾದ್ರೆ ಬತ್ತೀನಿ. ಓದೋ ಮಗೀನ ಎಬ್ಬುಸ್ಬ್ಯಾಡ."

"ನಮ್ಮನೆ ಕೊಬ್ರಿ ಒಡೆಯೋವಾಗ ಆ ಮಗೀಗೆ ಪರೀಕ್ಷೆ ಇರ್ನಿಲ್ವಾ? ಅವ್ಳು ಆಚೆ ಕೂತು ಒಡೆದ್ಲು, ಇವ್ಳು ಒಳಗ್ ಕೂತು ಓದುದ್ಲು. ನೀವು ಸಕ್ರೆ ಹಂಚುದ್ರಿ."

"ಅದು ಅರ್ಧ ವರ್ಷದ್ದು ಕಣೇ! ಇದು ಪಬ್ಲಿಕ್ ಪರೀಕ್ಷೆ!"

"ಅದ್ಕೇ ಹೋಗ್ಬೇಕು ಅಂತಿರೋದು."

ಅಪ್ಪನಿಗೆ ಕೋಪ ನೆತ್ತಿಗೇರಿತು. ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತ. ಅಜ್ಜಿಯ ಕುಟ್ಟಾಣಿಯೂ ಸದ್ದು ನಿಲ್ಲಿಸಿತು.

"ಫಸ್ಟ್ ಕ್ಲಾಸ್ ತಪ್ಪುದ್ರೆ ಏನಾಯ್ತದೆ ಗೊತ್ತಾ ನಿಂಗೆ? ಶಿವನ್ ಮುಂದೆ ಮಾತ್ ಕೊಟ್ಟಿದೀನಿ ನಾನು. ಹೆಣ್ಣು ಚಿಕ್ಕನಾಯಕನಹಳ್ಳಿಗೆ ಹೋಯ್ತದೆ ಅಷ್ಟೆ. ಬೇಕಾ?"

ಅವ್ವನ ಮುಖ ಬೆಳ್ಳಗಾಯಿತು. ಆದರೂ ಅವಳು ಹೇಳುವುದನ್ನು ಹೇಳಿಯೇ ಬಿಟ್ಟಳು.

"ಗೊತ್ತು. ನಿಮ್ಗಿಂತ ಚೆನ್ನಾಗ್ ಗೊತ್ತು. ನನ್ನೂ ಎಂಟನೇ ಕ್ಲಾಸ್‌ನಾಗೆ ಬುಡುಸಿ ತಾನೆ ಈ ಮನೆಗೆ ತಂದಿದ್ದು? ಇವ್ಳು ಓದ್ಬೇಕು ಅಂತ ನಿಮ್ಗೆ ಎಷ್ಟಿದ್ಯೋ ನಂಗೆ ಅದ್ರಪ್ಪನಷ್ಟಿದೆ. ಆದ್ರೆ ಆ ಮಗಿನ್ ಓದು ತಿಂದು ನನ್ ಮಗ್ಳು ಮಾರ್ಕ್ಸ್ ತರೋದು ಬ್ಯಾಡ ಕಣ್ರೀ. ಅಂಥಾ ಫಸ್ಟ್ ಕ್ಲಾಸು ನನ್ ಮನೆಗ್ ಬ್ಯಾಡ."

ಅಬ್ಬಾ! ನಾನು ಚಾಪೆಯ ಮೇಲೆ ಬಿಟ್ಟ ಬಾಯಿ ಬಿಟ್ಟಂತೆ ಕೂತಿದ್ದೆ. ದಿನಾ ಒಲೆಗೆ ಸೌದೆ ತುರುಕುವ, ಎಲ್ಲರೂ ಉಂಡಾದ ಮೇಲೆ ಉಳಿದದ್ದು ಉಣ್ಣುವ ಇದೇ ಅವ್ವನ ಒಳಗೆ ಇಷ್ಟು ದಿನ ಈ ಹೆಂಗಸು ಎಲ್ಲಿ ಕೂತಿದ್ದಳು? ಅವ್ವ ನನ್ನ ಕಡೆ ತಿರುಗಿ "ಏಳು ಮಗಾ, ಹಳೇ ಲಂಗ ಹಾಕ್ಕೊ" ಎಂದಳು. ನಾನು ಅಪ್ಪನ ಮುಖ ನೋಡಿದೆ. ಅವನು ಬಾಗಿಲು ಬಿಡಲಿಲ್ಲ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಪಕ್ಕದಲ್ಲೇ ಓರೆಯಾಗಿ ನುಸುಳಿ ಹೊರಗೆ ಹೋಗಿ ನಿಂತು ನನಗಾಗಿ ಕಾದಳು. ನಾನೂ ಹಾಗೇ ನುಸುಳಿದೆ. ಹಿಂದೆಯೇ ಅಜ್ಜಿ ಮಂಚದಿಂದ ಇಳಿದಳು.

"ತಡೀರೇ, ನಾನೂ ಬತ್ತೀನಿ. ಮನೇಲ್ ಕೂತು ಇವ್ನ ಮುಖ ನೋಡೋರ್ಯಾರು?"

ಕರೆಯದೆ ಮುಯ್ಯಿಗೆ ಹೋಗುವುದು ನಮ್ಮಲ್ಲಿ ಇಲ್ಲ. ನಮ್ಮನ್ನು ನೋಡಿ ಗಂಗತ್ತೆ ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟು ಎದ್ದೇ ಬಿಟ್ಟಳು.

"ಅಯ್ಯೋ ಪಾರ್ವತೀ, ಮಗೀಗೆ ಪರೀಕ್ಷೆ ಅಂತ ನಾನು ಕರೆಯಕ್ಕೇ ಬರ್ನಿಲ್ಲ. ನೀನ್ ನೋಡುದ್ರೆ ಪರೀಕ್ಷೆ ಮಗೀನೇ ಕರ್ಕೊಂಡ್ ಬಂದಿದೀಯಲ್ಲೇ!"

"ನಿನ್ ಮಗೀಗೂ ಪರೀಕ್ಷೇನೇ ಅಲ್ವಾ ಗಂಗಕ್ಕ?" ಎಂದು ಅವ್ವ ಮಂಜುಳನ ಕೈಯಿಂದ ಮಚ್ಚನ್ನು ಬಿಡಿಸಿ ನನ್ನ ಕೈಗೆ ಕೊಟ್ಟಳು. "ಮಂಜುಳಾ, ನೀನ್ ಒಳಗೋಗಿ ಓದ್ಕೊ ಕಣವ್ವ. ಆವತ್ತು ಇವ್ಳು ಓದುದ್ಲು, ಇವತ್ತು ನೀನು."

ಮಂಜುಳ ಮೊದಲು ಒಲ್ಲೆ ಎಂದಳು. ಅಜ್ಜಿ ಗದರಿದ ಮೇಲೆ ಒಳಗೆ ಹೋಗಿ ಪುಸ್ತಕ ತಂದಳು. ಆದರೆ ಕೋಣೆಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನನ್ನ ಕಡೆ ಮುಖ ಮಾಡಿ ಕೂತು, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ ಓದತೊಡಗಿದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. "ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು..." ಎಂದು ಓದಿ, ಸಾಧನೆಯನ್ನು ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿ, "ತಿಳೀತೇನೇ ಶೈಲಾ?" ಎನ್ನುತ್ತಿದ್ದಳು. ನಾನು ಚಿಪ್ಪು ತಟ್ಟುತ್ತ "ಹೂಂ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ವರ್ಷವಿಡೀ ಬಾಯಿಪಾಠ ಮಾಡಿದ್ದ ಆ ಪ್ರಮೇಯ ನನಗೆ ಅರ್ಥವಾದದ್ದು ಆವತ್ತು. ಅಜ್ಜಿಗೆ ಸುಮ್ಮನಿರಲು ಆಗುತ್ತದೆಯೇ?

"ಅದ್ಯಾರೇ ಅದು, ತ್ರಿಭುಜ? ಬೆಳಿಗ್ಗಿಂದ ಅವ್ನ ಹೆಸ್ರೇ ಹೇಳ್ತಾ ಇದೀರ."

ಗಂಗತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನಗು ನಿಂತರೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ನಾನು ಒಡೆದ ಮೊದಮೊದಲ ಕೊಬ್ಬರಿಗಳೆಲ್ಲ ಹೋಳಾದವು. ಹೋಳಾದ ಕೊಬ್ಬರಿಗೆ ಬೆಲೆ ಕಮ್ಮಿ. ಗಂಗತ್ತೆ ಅವನ್ನು ಬೇರೆ ಮಂಕರಿಗೆ ಹಾಕಿದಳು. ಮಧ್ಯಾಹ್ನ ಅವಳ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಒಂದೆಲಗವಿಲ್ಲದ ಊಟ! ನಾನು ತಟ್ಟೆ ನೆಕ್ಕಿದೆ. ಊಟ ಮಾಡುತ್ತಿರುವಾಗ ತಲೆಯ ಮೇಲೆ ಟಕಟಕ ಸದ್ದು. ಮತ್ತೆ ಕೋತಿ ಬಂದವೆಂದು ಗಂಗತ್ತೆ ಕೋಲು ಹಿಡಿದು ಹೊರಗೆ ಓಡಿದಳು, ಓಡಿದವಳು ಹಾಗೇ ವಾಪಸು ಬಂದು ಕೂತಳು. ಅಪ್ಪ ಏಣಿ ಹಾಕಿಕೊಂಡು ಅವಳ ಸೂರಿನ ಮೇಲೆ ಹತ್ತಿ ಹೆಂಚು ಸರಿಮಾಡುತ್ತಿದ್ದ. ಸಂಜೆಯವರೆಗೂ ಮೇಲೆಯೇ ಇದ್ದ. ಕೆಳಗಿದ್ದ ನಮ್ಮ ಕಡೆ ಒಂದು ಸಲವೂ ನೋಡಲಿಲ್ಲ. ಆದರೂ ಬಂದಿದ್ದ.

ಮಾರನೆಯ ದಿನ ಆಗಬಾರದ್ದು ಆಯಿತು. ವರ್ಷಪೂರ್ತಿ ಪೊರಕೆ ಕೂಡ ಮುಟ್ಟದ ನನ್ನ ಕೈ ಮಚ್ಚು ಹಿಡಿದು ಬೊಬ್ಬೆ ಎದ್ದಿತ್ತು. ಮಂಜುಳನ ಕೈಗೆ ಏನೂ ಆಗಿರಲಿಲ್ಲ, ಅವಳಿಗೆ ಅಭ್ಯಾಸ. ಪರೀಕ್ಷೆ ಬರೆಯುತ್ತ ಬರೆಯುತ್ತ ಬೊಬ್ಬೆ ಒಡೆಯಿತು, ಪೆನ್ನು ಜಾರತೊಡಗಿತು, ಬೆರಳು ಬಾಗಲಿಲ್ಲ. ಕೊನೆಯ ಲೆಕ್ಕಗಳೆಲ್ಲ ಗೊತ್ತಿದ್ದವು, ಒಳಗಿದ್ದವು, ಕೈಗೆ ಇಳಿಯಲಿಲ್ಲ. ಗಂಟೆ ಹೊಡೆಯಿತು. ದಾರಿಯುದ್ದಕ್ಕೂ ಅಳುತ್ತ ಬಂದವಳು ಮನೆಗೆ ಬಂದು ಪುಸ್ತಕವನ್ನು ನೆಲಕ್ಕೆ ಎಸೆದೆ.

"ನಿನ್ನಿಂದ ಕಣವ್ವಾ ಎಲ್ಲಾ! ಗೊತ್ತಿದ್ದ ಲೆಕ್ಕ ಬುಟ್ಟು ಬಂದೆ! ನಿನ್ನಿಂದ!"

"ಹೂಂ ಮಗಾ," ಎಂದಳು ಅವ್ವ. "ನನ್ನಿಂದ್ಲೇ."

ಅವಳು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕೊಬ್ಬರಿ ಎಣ್ಣೆ ಹಚ್ಚತೊಡಗಿದಳು. ಎಣ್ಣೆಯ ಜೊತೆ ಅವಳ ಕಣ್ಣೀರೂ ನನ್ನ ಅಂಗೈಗೆ ಬಿತ್ತು, ಉರಿಯಿತು.

"ಬಯ್ಯಿ. ಇನ್ನೂ ಬಯ್ಯಿ, ಕೇಳ್ತೀನಿ. ನಾಳೆ ನಿಂಗೇನಾದ್ರೂ ಅದು ನನ್ ತಲೆ ಮ್ಯಾಲೆ. ಆದ್ರೆ ಹೋಗ್ಬಾರ್ದಿತ್ತು ಅಂತ ಮಾತ್ರ ನನ್ ಬಾಯಲ್ಲಿ ಬರಲ್ಲ ಕಣವ್ವ."

ಮಾರ್ಕ್ಸೂ ಬರಬೇಕು, ಒಳ್ಳೆಯ ಬುದ್ಧಿಯೂ ಬರಬೇಕು, ಏನು ಮಾಡೋದು ಮೇಡಂ ಎಂದು ಕೇಳಿಕೊಂಡು ಈಗಲೂ ತಂದೆ ತಾಯಿಗಳು ನನ್ನ ಹತ್ತಿರ ಬರುತ್ತಾರೆ. ತಿಪಟೂರಿನಲ್ಲಿ ಬಹಳ ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನಲ್ಲ, ನನಗೆ ಗೊತ್ತಿರಬೇಕು ಎಂಬುದು ಅವರ ನಂಬಿಕೆ. ನನಗೇನು ಗೊತ್ತು, ಮಣ್ಣು! ಮಗಳು ಪಿಯುಸಿ ಓದುವಾಗ ಕೊತ್ತಂಬರಿ ಸೊಪ್ಪು ತಾ ಎಂದು ಅಂಗಡಿಗೂ ಕಳಿಸಿದವಳಲ್ಲ ನಾನು. ಅವಳ ಮಾರ್ಕ್ಸು ಮೊಬೈಲಿನಲ್ಲಿ ಬರುವವರೆಗೆ ನೀರು ಕುಡಿಯದೆ ಕೂತವಳು. ಮಕ್ಕಳಿಗೆ ನೀತಿ ಹೇಳುವುದು ಸುಲಭ, ನಾನು ದಿನಾ ಬೋರ್ಡಿನ ಮೇಲೆ ಬರೆಸಿದ್ದೇನೆ. ಮಗಳ ಇಡೀ ಮುಂದಿನ ಬಾಳು ತಕ್ಕಡಿಯಲ್ಲಿ ಇರುವ ದಿನವೇ "ಏಳು ಮಗಾ" ಎನ್ನುವುದಕ್ಕೆ ಎಂಥ ಎದೆ ಬೇಕು! ನನಗೆ ಆ ಎದೆ ಇಲ್ಲ. ಎಂಟನೇ ಕ್ಲಾಸು ಬಿಟ್ಟ ಆ ಹೆಂಗಸಿಗೆ ಅದು ಎಲ್ಲಿಂದ ಬಂತೋ, ಯೋಚಿಸಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಉಳಿದ ಪರೀಕ್ಷೆಗಳಿಗೆ ಮಂಜುಳ ನಮ್ಮ ಮನೆಗೇ ಓದಲು ಬಂದಳು. ಅವ್ವ ಕರೆದಿದ್ದಳು, ಅಪ್ಪ ಬೇಡ ಎನ್ನಲಿಲ್ಲ. ಕಿಟಕಿಯ ಬೆಳಕಿಗೆ ಇಬ್ಬರೂ ಕೂತು ವಿಜ್ಞಾನ ಓದಿದೆವು. ಎರಡನೆಯ ದಿನ ಅಪ್ಪ ಅವಳ ತಟ್ಟೆಗೂ ಒಂದೆಲಗದ ಚಟ್ನಿ ಬಡಿಸಿದ. ಅವಳು ಮುಖ ಸಿಂಡರಿಸಿದ್ದು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ರಿಸಲ್ಟಿನ ದಿನ ಮಂಜುಳ ಮಾಯಸಂದ್ರದ ಮಾವನ ಮನೆಯಲ್ಲಿದ್ದಳು. ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೈಸ್ಕೂಲಿಗೆ ಹೋದ. ಗೋಡೆಯ ಮೇಲೆ ಅಂಟಿಸಿದ್ದ ಹಾಳೆಯ ಮುಂದೆ ಜನ ಮುತ್ತಿಕೊಂಡಿದ್ದರು. ನಾನು ನುಗ್ಗಿಕೊಂಡು ಮುಂದೆ ಹೋದೆ. ಮೇಲೆ ಫಸ್ಟ್ ಕ್ಲಾಸಿನ ನಂಬರುಗಳು. ಬೆರಳಿಟ್ಟು ಹುಡುಕುತ್ತ ಹೋದವಳು ಅಲ್ಲಿಂದಲೇ ಕೂಗಿದೆ:

"ಅಪ್ಪಾ! ಮಂಜುಳ ಫಸ್ಟ್ ಕ್ಲಾಸು! ಅಪ್ಪಾ, ಮಂಜುಳ ಫಸ್ಟ್ ಕ್ಲಾಸು ಕಣಪ್ಪ!"

ಅಪ್ಪ ಜನರ ತಲೆಗಳ ಆಚೆಯಿಂದ ನನ್ನನ್ನೇ ನೋಡುತ್ತಿದ್ದ.

"ನಿಂದು? ನಿಂದ್ ನೋಡುದ್ಯೇನವ್ವಾ?"

ನಾನು ನೋಡಿರಲಿಲ್ಲ. ನೋಡಬೇಕು ಎಂದೇ ಹೊಳೆದಿರಲಿಲ್ಲ. ಮತ್ತೆ ತಿರುಗಿ ಹುಡುಕಿದೆ. ಮೇಲಿನ ಸಾಲುಗಳಲ್ಲಿ ನನ್ನ ನಂಬರು ಇರಲಿಲ್ಲ. ಕೆಳಗೆ ಸೆಕೆಂಡ್ ಕ್ಲಾಸಿನಲ್ಲಿ ಸಿಕ್ಕಿತು.

ಅಪ್ಪ ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದ. ನಾನು ಅವನ ಬೆನ್ನಿಗೆ ಮುಖ ಒತ್ತಿಕೊಂಡು ಬಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮಂಚದ ಮೇಲಿಂದ ಅಜ್ಜಿಯೇ ಮೊದಲು ಕೇಳಿದಳು.

"ಫಸ್ಟ್ ಕ್ಲಾಸೇನ್ಲಾ?"

"ಇಲ್ಲ ಕಣವ್ವ," ಎಂದ ಅಪ್ಪ.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಅವ್ವನ ಎದುರಿಗೆ ಬಂದು ನಿಂತ.

"ಇವ್ಳು ಏನ್ ಮಾಡುದ್ಲು ಗೊತ್ತೇನೇ? ಅಷ್ಟು ಜನ ನುಗ್ಗಾಡ್ಕೊಂಡು ಅವ್ರವ್ರ ನಂಬರ್ ನೋಡ್ಕೊತಿದ್ರೆ, ಇವ್ಳು ಹೋಗಿ ಮಂಜುಳನ್ ನಂಬರ್ ಹುಡ್ಕುದ್ಲು ಕಣೇ. ಅದು ಫಸ್ಟ್ ಕ್ಲಾಸು ಅಂತ ಕುಣಿದ್ಲು. ನಾನ್ ಹೇಳೋಗಂಟ ತನ್ ನಂಬರ್ ನೋಡ್ಲೇ ಇಲ್ಲ."

ಅವ್ವ ನನ್ನನ್ನು ನೋಡಿದಳು. ನೋಡುತ್ತಲೇ ಹೊಸ್ತಿಲ ಮೇಲೆ ಕೂತಳು.

"ಹಂಗಾದ್ರೆ ಪಾಸಾದ್ಲು ಬುಡಿ," ಎಂದಳು.

ಅಪ್ಪ ಆ ಕಡೆ ತಿರುಗಿಕೊಂಡ. ಶಿವನ ಮುಂದೆ ಆಡಿದ ಮಾತು ಇತ್ತು, ಅದನ್ನು ಬಿಟ್ಟುಕೊಡಬಲ್ಲವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಸಾವಕಾಶವಾಗಿ ಅಗಿದು ಮುಗಿಸಿದಳು.

"ನನ್ ತಮ್ಮುನ್ ಮೊಮ್ಮಗುಂಗೆ ಬ್ಯಾರೆ ಹೆಣ್ ಸಿಕ್ತದೆ ಬುಡ್ಲಾ," ಎಂದಳು. "ತುಮಕೂರಿಗೆ ಇಬ್ರುನ್ನೂ ಒಟ್ಗೇ ಕಳ್ಸು."